ಐವತ್ತೆಂಟನೆಯ ಸೀಸೆ

ಮೂರನೆಯ ಸಾಲಿನ ಗುಳಿಗಳು ಮತ್ತೆ ಹಳದಿಯಾಗಿದ್ದವು. ಅವಳು ಪ್ಲಾಸ್ಟಿಕ್ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ತೊಂಬತ್ತಾರು ಪುಟ್ಟ ಗುಳಿಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ನೋಡಿದಳು. ಬರಿಯ ಉಪ್ಪುನೀರು ಹಾಕಿದ ಸಾಲು ತಿಳಿಯಾಗಿತ್ತು. ನಲವತ್ತಮೂರನೇ ಮದ್ದು ಹಾಕಿದ ಸಾಲಿಗೆ ಮಾತ್ರ ಮಾಗಿದ ನಿಂಬೆಹಣ್ಣಿನ ಬಣ್ಣ.

"ಸಿಸ್ಟರ್, ಇದು ಮೂರನೇ ಸಲ ಅಲ್ವಾ?" ಪಕ್ಕದ ಮೇಜಿನಿಂದ ಭಟ್ಟಿ ಕೇಳಿದ.

"ನಾಲ್ಕನೇದು."

ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಅವಳು ಸಿಸ್ಟರ್. ಹದಿನಾರು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ನಲವತ್ತಕ್ಕೆ ಒಂದು ವರ್ಷ ಬಾಕಿ ಇರುವಾಗ ಔಷಧ ಶೋಧನೆಯ ಸ್ನಾತಕೋತ್ತರ ತರಗತಿಗೆ ಬಂದು ಮುಂದಿನ ಬೆಂಚಿನಲ್ಲಿ ಕೂತವಳು. ಭಟ್ಟಿ ಡಾಕ್ಟರೇಟ್ ಮಾಡುತ್ತಿದ್ದ ರಸಾಯನಶಾಸ್ತ್ರದ ಹುಡುಗ. ಅವನ ಮೇಜಿನ ಮೇಲೆ ಸದಾ ಏನಾದರೊಂದು ಕುದಿಯುತ್ತಲೇ ಇದ್ದುದರಿಂದ ಆ ಅಡ್ಡಹೆಸರು. ನಲವತ್ತಮೂರು ಅವನ ಕೂಸು. ಯಾವ ಆಂಟಿಬಯಾಟಿಕ್‌ಗೂ ಬಗ್ಗದ ರೋಗಾಣುವನ್ನು ಅದು ಕೊಲ್ಲುತ್ತಿತ್ತು. ಮೂರು ವರ್ಷ ಜೀವ ತೇಯ್ದು ಮಾಡಿದ ಮದ್ದು. ಮುಂದಿನ ಬುಧವಾರ ಹೊರಗಿನ ತಜ್ಞರು ಬಂದು, ಅದನ್ನು ಪ್ರಾಣಿಗಳ ಮೇಲಿನ ಪರೀಕ್ಷೆಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರಿದ್ದರು.

ಅದಕ್ಕೆ ಮೊದಲು ಒಂದು ಸಣ್ಣ ತಪಾಸಣೆ ಬಾಕಿಯಿತ್ತು. ಮೈಯಲ್ಲಿ ಅಲರ್ಜಿ ಎಬ್ಬಿಸುವ ಮಾಸ್ಟ್ ಕೋಶಗಳ ಮೇಲೆ ಮದ್ದು ಹಾಕಿ, ಅವು ಸುಮ್ಮನಿವೆಯೇ ಎಂದು ನೋಡುವುದು. ಕೋಶ ಕೆರಳಿ ತನ್ನ ಹೊಟ್ಟೆಯಲ್ಲಿರುವ ಕಣಗಳನ್ನು ಹೊರಗೆ ಕಾರಿದರೆ ಗುಳಿ ಹಳದಿಯಾಗುತ್ತದೆ. ಹೆಸರಿಗೊಂದು ಟಿಕ್ ಹಾಕುವ ಕೆಲಸ ಎಂದುಕೊಂಡು ಅದನ್ನು ಅವಳ ಪ್ರಬಂಧಕ್ಕೆ ಕೊಟ್ಟಿದ್ದರು.

"ಅಲರ್ಜಿ ಪ್ರತಿಕಾಯ ಎಲ್ಲೋ ಸೇರಿಕೊಂಡಿರ್ಬೇಕು," ಎಂದ ಭಟ್ಟಿ. "ಅದಿಲ್ದೆ ಈ ಕೋಶಗಳು ಯಾಕೆ ಕೆರಳ್ತವೆ?"

"ಪ್ರತಿಕಾಯದ ಡಬ್ಬಿ ನಾನು ಫ್ರಿಜ್ಜಿಂದ ತೆಗೆದೇ ಇಲ್ಲ ಇವತ್ತು."

"ಹಂಗಾದ್ರೆ ಕೈ ತಪ್ಪಿರುತ್ತೆ."

"ಹದಿನಾರು ವರ್ಷ ಎಳೇ ಮಕ್ಕಳಿಗೆ ಸೂಜಿ ಹಾಕಿದ ಕೈ ಇದು," ಎಂದಳು ಅವಳು. ಭಟ್ಟಿ ನಗಲಿಲ್ಲ.

ಅವಳಿಗೆ ಈ ಕೆರಳುವಿಕೆ ಹೊಸದಲ್ಲ. ಏಳು ವರ್ಷದ ಹಿಂದೆ ಅವಳ ವಾರ್ಡಿಗೆ ಒಬ್ಬ ಬಡಗಿ ಬಂದಿದ್ದ. ಕಾಲಿನ ಮೂಳೆಗೆ ಸೋಂಕು. ಅದಕ್ಕೆ ನಾಟುವ ಮದ್ದು ಒಂದೇ ಇತ್ತು, ಅದನ್ನು ಡ್ರಿಪ್ಪಿನಲ್ಲಿ ನಿಧಾನವಾಗಿ ಇಳಿಸಬೇಕು. ಅಂದು ಮೂವರು ನರ್ಸುಗಳ ಕೆಲಸ ಅವಳೊಬ್ಬಳ ತಲೆಮೇಲೆ. ಡ್ರಿಪ್ಪಿನ ಚಕ್ರವನ್ನು ಒಂದಿಷ್ಟು ಹೆಚ್ಚೇ ತಿರುಗಿಸಿದ್ದಳು. ಹತ್ತು ನಿಮಿಷದಲ್ಲಿ ಬಡಗಿಯ ಮುಖ, ಕತ್ತು, ಎದೆ ಕೆಂಪೇರಿ ಅವನು ಮೈ ಪರಚಿಕೊಳ್ಳತೊಡಗಿದ. ಡಾಕ್ಟರು ಬಂದು ಕಡತದ ಮೇಲೆ ಕೆಂಪು ಶಾಯಿಯಲ್ಲಿ 'ಅಲರ್ಜಿ' ಎಂದು ಬರೆದರು. "ಸರ್, ಡ್ರಿಪ್ಪು ಜೋರಾಗಿತ್ತು," ಎಂದು ಅವಳು ಹೇಳಿದ್ದು ನಿಜ, ಆದರೆ ತನಗೇ ಕೇಳಿಸದಷ್ಟು ಮೆಲ್ಲಗೆ. ಅಲರ್ಜಿ ಎಂದ ಮೇಲೆ ಆ ಮದ್ದನ್ನು ಅವನಿಗೆ ಮತ್ತೆ ಯಾರೂ ಕೊಡಲಿಲ್ಲ. ತಿಂಗಳು ಕಳೆಯುವುದರೊಳಗೆ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು.

ಅದು ಅಲರ್ಜಿಯೇ ಆಗಿರಲಿಲ್ಲ ಎಂಬುದು ಎಷ್ಟೋ ದಿನದ ಮೇಲೆ ಓದಿ ತಿಳಿಯಿತು. ಕೆಲವು ಮದ್ದುಗಳು ಪ್ರತಿಕಾಯದ ಹಂಗಿಲ್ಲದೆ, ಮಾಸ್ಟ್ ಕೋಶದ ಇನ್ನೊಂದು ಬಾಗಿಲನ್ನು ನೇರವಾಗಿ ತಟ್ಟುತ್ತವೆ. ಓದಿದ ದಿನ ಅವಳು ಊಟ ಮಾಡಲಿಲ್ಲ. ಅದರ ಮಾರನೆಯ ವರ್ಷ ಕಾಲೇಜಿನ ಅರ್ಜಿ ತುಂಬಿದಳು.

ಸಂಜೆ ಮನೆಯಲ್ಲಿ ಮಗಳು ಊಟದ ಮೇಜಿನ ಒಂದು ತುದಿಯಲ್ಲಿ ಬೀಜಗಣಿತ ಬಿಡಿಸುತ್ತಿದ್ದಳು, ಇನ್ನೊಂದು ತುದಿಯಲ್ಲಿ ಅವಳು ತಟ್ಟೆಗಳ ಅಂಕಿಗಳನ್ನು ನೋಡುತ್ತಿದ್ದಳು. ಲಿಫ್ಟ್ ರಿಪೇರಿ ಕೆಲಸದ ಗಂಡ ಕೈಗೆ ಮೆತ್ತಿದ ಗ್ರೀಸನ್ನು ಉಜ್ಜುತ್ತಾ ಬಾಗಿಲಲ್ಲಿ ನಿಂತು ಕೇಳಿದ, "ಇಬ್ರಲ್ಲಿ ಯಾರು ಫೇಲು? ಮುಖ ನೋಡಿದ್ರೆ ಇಬ್ರೂ ಅನ್ಸುತ್ತೆ."

ಅವಳು ಪ್ರಯೋಗಾಲಯದಲ್ಲಿ ಆದದ್ದನ್ನು ಹೇಳಿದಳು. ಅವನು ಕೇಳಿಸಿಕೊಂಡು, "ನಾನು ಲಿಫ್ಟಿಗೆ ಸೈ ಹಾಕೋಕೆ ಮುಂಚೆ ಹಗ್ಗದಲ್ಲಿ ಒಂದು ಎಳೆ ಬಿಟ್ಟಿದ್ರೂ ಹೇಳ್ತೀನಿ. ಕಟ್ಟಡದ ಮಾಲೀಕರು ಬೈಕೊಳ್ತಾರೆ, ಬೈಕೊಳ್ಳಲಿ," ಎಂದ.

"ಆ ಹುಡುಗ ಮೂರು ವರ್ಷ ಕಷ್ಟಪಟ್ಟಿದಾನೆ ಕಣ್ರೀ."

"ಹಂಗಾದ್ರೆ ಮೊದ್ಲು ಅವನಿಗೆ ಹೇಳು. ಸಭೇಲಿ ಎದ್ದು ನಿಂತು ಅವನ ಮಾನ ಕಳೀಬೇಡ."

ಮರುದಿನ ಬೆಳಿಗ್ಗೆ ಭಟ್ಟಿ ಬ್ಯಾಗು ಇಳಿಸುವ ಮೊದಲೇ ಅವಳು ನಾಲ್ಕೂ ತಟ್ಟೆಗಳ ಅಂಕಿಗಳನ್ನು ಅವನ ಮುಂದಿಟ್ಟಳು. ಕೋಶಗಳು ಸತ್ತು ಕಾರಿದ್ದಲ್ಲ, ಜೀವಂತವಾಗಿದ್ದೇ ಕಾರಿವೆ ಎಂದು ಹಿಂದಿನ ಸಲಗಳಲ್ಲೇ ಬಣ್ಣ ಹಾಕಿ ನೋಡಿದ್ದಳು. ಆ ಇನ್ನೊಂದು ಬಾಗಿಲಿಲ್ಲದ ಕೋಶಗಳನ್ನು ಪಕ್ಕದ ವಿಭಾಗದಿಂದ ತಂದು ನೋಡಿದ್ದಳು. ಅವು ಮಿಸುಕಿರಲಿಲ್ಲ.

"ನಿಮ್ಮ ಮದ್ದಿನ ಅಣುವಿನ ತುದೀಲಿ ಒಂದು ಬಾಲ ಇದೆಯಲ್ಲ, ಧನಾವೇಶ ಇರೋದು, ಅದೇ ಬಾಗಿಲು ತಟ್ತಿರೋದು ಅನ್ಸುತ್ತೆ," ಎಂದಳು. "ಇದನ್ನ ಹೀಗೇ ಕಳಿಸಿದ್ರೆ ನಾಳೆ ರೋಗಿ ಮೈಯೆಲ್ಲ ಕೆಂಪಾಗುತ್ತೆ. ಯಾರೋ ಒಬ್ರು ಅಲರ್ಜಿ ಅಂತ ಬರೀತಾರೆ. ಅಲ್ಲಿಗೆ ಮುಗೀತು, ಎಷ್ಟು ಒಳ್ಳೇ ಮದ್ದಾದ್ರೂ ಕಪಾಟಲ್ಲೇ ಕೂರುತ್ತೆ."

ಭಟ್ಟಿಯ ಕಿವಿ ಕೆಂಪಾಯಿತು. "ನೀವು ಬಂದು ಒಂದೂವರೆ ವರ್ಷ ಆಯ್ತು ಸಿಸ್ಟರ್. ನಾನು ಅದರ ಜೊತೆ ಸಾವಿರ ದಿನ ಇದ್ದೀನಿ," ಎಂದು ಹೇಳಿ ಹೊರಟೇಹೋದ. ಅವನ ಮೇಜಿನ ಮೇಲೆ ಅಂದು ಏನೂ ಕುದಿಯಲಿಲ್ಲ.

ಶುಕ್ರವಾರ ಅವಳು ಬಾಗಿಲು ತೆರೆದಾಗ ಅವನು ಆಗಲೇ ಬಂದು ಕೂತಿದ್ದ. ಮುಂದೆ ಒಂದು ರಟ್ಟಿನ ಡಬ್ಬಿ, ಅದರಲ್ಲಿ ಒಂಬತ್ತು ಪುಟ್ಟ ಸೀಸೆಗಳು.

"ಬಾಲ ಮೋಟು ಮಾಡಿದ್ದು, ಬಾಲ ಒಳಗೆ ಮಡಚಿದ್ದು, ಎಲ್ಲಾ ಮಾಡಿಟ್ಟಿದ್ದೆ," ಎಂದ, ಅವಳ ಮುಖ ನೋಡದೆ. "ರೋಗಾಣು ಸಾಯ್ಲಿಲ್ಲ ಅಂತ ಮೂಲೆಗೆ ಹಾಕಿದ್ದು. ನಿಮ್ಮ ಕೋಶಕ್ಕೆ ಹಾಕಿ ನೋಡಿ. ಸುಮ್ನೆ."

ಎಂಟು ಸೀಸೆಗಳ ಪುಡಿ ಸಲೀಸಾಗಿ ಕರಗಿತು. ಐವತ್ತೆಂಟು ಎಂದು ಬರೆದಿದ್ದ ಸೀಸೆಯದು ಮಾತ್ರ ಗಂಟು ಕಟ್ಟಿಕೊಂಡು ತಳ ಹಿಡಿಯಿತು. ಭಟ್ಟಿ ಅದನ್ನು ಅಲುಗಾಡಿಸುವ ಯಂತ್ರಕ್ಕೆ ಒತ್ತಿ ಹಿಡಿದ. ಸೀಸೆಯ ತುಂಬ ನೊರೆಯೆದ್ದಿತು.

"ಇದು ಹೀಗೇ, ಮೊಂಡು. ಮೇಲಿನ ನೀರು ತೆಗೆದುಕೊಂಡು ಹಾಕಿಬಿಡಿ. ಹೋದ ಸಲ ನಾವೂ ಹಾಗೇ ಮಾಡಿದ್ವಿ."

ಅವಳ ಕೈ ನಿಂತಿತು. "ಅಂದ್ರೆ ರೋಗಾಣುಗೂ ಬರೀ ಮೇಲಿನ ನೀರೇ ಹಾಕಿದ್ರಾ?"

ಭಟ್ಟಿ ಬಗ್ಗಿ ಸೀಸೆಯ ತಳದ ಗಂಟನ್ನು ನೋಡಿದ. ಮದ್ದೆಲ್ಲ ಅಲ್ಲೇ ಉಳಿದಿತ್ತು.

ಅವಳು ಸ್ಟೂಲು ಎಳೆದುಕೊಂಡು ಕೂತು, ನೊರೆ ಇಳಿಯುವವರೆಗೆ ಕಾದಳು. ಆಮೇಲೆ ಸೀಸೆಯನ್ನು ಎರಡು ಅಂಗೈಗಳ ನಡುವೆ ಇಟ್ಟು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಉರುಳಿಸತೊಡಗಿದಳು. "ವಾರ್ಡಲ್ಲಿ ಕೆಲವು ಇಂಜೆಕ್ಷನ್ ಪುಡಿಗಳು ಹೀಗೇ ಇರ್ತವೆ," ಎಂದಳು. "ಹೊಸಬರು ಕುಲುಕ್ತಾರೆ, ನೊರೆ ಬರುತ್ತೆ, ಕೆಲಸ ಕೆಡುತ್ತೆ. ಕುಲುಕಬಾರ್ದು. ಕೈ ಬಿಸಿ ತಾಗಿಸ್ತಾ ಉರುಳಿಸ್ಬೇಕು."

ಭಟ್ಟಿ ಗೋಡೆಯ ಗಡಿಯಾರ ನೋಡಿದ, ಅವಳ ಕೈ ನೋಡಿದ. ಹನ್ನೆರಡು ನಿಮಿಷ ಸೀಸೆ ಉರುಳುತ್ತಲೇ ಇತ್ತು. ಅವಳು ಸೀಸೆಯನ್ನು ಬೆಳಕಿಗೆ ಹಿಡಿದಾಗ ಒಳಗೆ ಏನೂ ಇಲ್ಲವೇನೋ ಎನ್ನುವಷ್ಟು ತಿಳಿಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಕೋಶಗಳ ತಟ್ಟೆ ತಯಾರಾಯಿತು. ಎಂಟರಲ್ಲಿ ಆರು ಹಳದಿ, ಎರಡು ತಿಳಿಹಳದಿ. ಐವತ್ತೆಂಟರ ಸಾಲು ಉಪ್ಪುನೀರಿನ ಸಾಲಿನಷ್ಟೇ ತಿಳಿ. ರೋಗಾಣುವಿನ ತಟ್ಟೆಗೆ ಒಂದು ದಿನ ಕಾಯಬೇಕಿತ್ತು. ಶನಿವಾರ ಬೆಳಿಗ್ಗೆ ಭಟ್ಟಿ ಅದನ್ನು ಎರಡೂ ಕೈಯಲ್ಲಿ, ತುಂಬಿದ ಬಟ್ಟಲಿನ ಹಾಗೆ ಹಿಡಿದು ತಂದ. ಮದ್ದಿಲ್ಲದ ಗುಳಿಗಳಲ್ಲಿ ರೋಗಾಣು ಬೆಳೆದು ಗಂಜಿಯಂತೆ ಬೆಳ್ಳಗಾಗಿತ್ತು. ಐವತ್ತೆಂಟರ ಗುಳಿಗಳಲ್ಲಿ, ತೀರಾ ಸಣ್ಣ ಪ್ರಮಾಣ ಹಾಕಿದ ಕಡೆಯ ಗುಳಿಯವರೆಗೂ, ಏನೂ ಬೆಳೆದಿರಲಿಲ್ಲ.

"ನಲವತ್ತಮೂರಕ್ಕಿಂತ ಒಂದು ಗುಳಿ ಮುಂದೆ ಹೋಗಿದೆ," ಎಂದ ಭಟ್ಟಿ. "ಇದು ಎರಡು ವರ್ಷದಿಂದ ನನ್ನ ಫ್ರೀಜರಲ್ಲೇ ಇತ್ತು."

"ಎಲ್ಲಿಗೂ ಓಡಿ ಹೋಗಿಲ್ವಲ್ಲ," ಎಂದಳು ಅವಳು. "ಭಾನುವಾರ, ಸೋಮವಾರ ಇನ್ನೆರಡು ಸಲ ಮಾಡೋಣ. ಒಂದ್ಸಲ ಬಂದಿದ್ದನ್ನ ನಂಬಬಾರ್ದು."

ಎರಡು ಸಲವೂ ಹಾಗೇ ಬಂತು.

ಬುಧವಾರ ಸಭೆಯಲ್ಲಿ ಉದ್ದ ಮೇಜಿನ ಆಚೆ ಮೂವರು ತಜ್ಞರು, ಈಚೆ ವಿಭಾಗದ ಮುಖ್ಯಸ್ಥೆಯಾದ ಮೇಡಂ. ಹಿಂದಿನ ದಿನವೇ ಎಲ್ಲ ಕೇಳಿಸಿಕೊಂಡಿದ್ದ ಮೇಡಂ, "ನಾನು ಮಾತಾಡಲ್ಲ, ಮಾಡಿದವ್ರೇ ಮಾತಾಡಿ," ಎಂದುಬಿಟ್ಟಿದ್ದರು. ಅವಳು ಎದ್ದು ನಿಂತಾಗ ಮೊದಲ ಮಾತು ತನಗೇ ಕೇಳಿಸದಷ್ಟು ಮೆಲ್ಲಗೆ ಬಂತು. ನೀರು ಕುಡಿದಳು. ಆಮೇಲೆ ಕೊನೆಯ ಕುರ್ಚಿಯವರೆಗೂ ಕೇಳಿಸುವಂತೆ, ನಲವತ್ತಮೂರು ಯಾಕೆ ಹೋಗಬಾರದು ಎಂಬಲ್ಲಿಂದ ಶುರುಮಾಡಿದಳು.

ತಜ್ಞರಲ್ಲಿ ಹಿರಿಯರಾದ ವೈದ್ಯರೊಬ್ಬರು ಕನ್ನಡಕ ಇಳಿಸಿ, "ಕೋಶ ಸತ್ತಿದ್ರೂ ಹಳದಿ ಬರುತ್ತಲ್ಲಮ್ಮಾ?" ಎಂದರು.

"ಬರುತ್ತೆ ಸರ್. ಅದಕ್ಕೇ ಜೀವ ಇದೆಯಾ ಅಂತ ಮೊದ್ಲು ಎಣಿಸಿದ್ದೀನಿ. ನೂರರಲ್ಲಿ ತೊಂಬತ್ತಾರು ಬದುಕಿವೆ. ಮುಂದಿನ ಹಾಳೆ."

"ಐವತ್ತೆಂಟು ನಿಮ್ಮ ಹಳೇ ವರದೀಲಿ ಕೆಲಸಕ್ಕೆ ಬಾರದ್ದು ಅಂತಿದೆ?"

ಅವಳು ಭಟ್ಟಿಯ ಕಡೆ ನೋಡಲಿಲ್ಲ. ಅವನೇ ಎದ್ದು ನಿಂತ. "ಅದು ನನ್ನ ತಪ್ಪು ಸರ್. ಕರಗದೇ ಇರೋದನ್ನ ಕೆಲಸ ಮಾಡಲ್ಲ ಅಂತ ಬರೆದೆ. ಕರಗಿಸಿದ್ದು ಇವರು."

ವೈದ್ಯರು ಅಂಕಿಗಳ ಹಾಳೆಯನ್ನು ಹಿಂದೆ ಮುಂದೆ ತಿರುವಿ, ಪಕ್ಕದವರಿಗೆ ದಾಟಿಸಿದರು. ಮೂವರೂ ತಲೆ ತಗ್ಗಿಸಿ ಗುಸುಗುಸು ಮಾತಾಡಿದರು. "ಐವತ್ತೆಂಟು ಹೋಗಲಿ," ಎಂದರು ಕೊನೆಗೆ. ಆಮೇಲೆ ಮೇಡಂ ಕಡೆ ತಿರುಗಿ, "ಈ ವಿದ್ಯಾರ್ಥಿನಿ ಪದವಿ ಮುಗಿದ ಮೇಲೆ ಎಲ್ಲಿಗೆ ಹೋಗ್ತಾರೆ?" ಎಂದು ಕೇಳಿದರು.

"ಎಲ್ಲಿಗೂ ಕಳಿಸಲ್ಲ," ಎಂದರು ಮೇಡಂ. "ಡಾಕ್ಟರೇಟ್ ಇಲ್ಲೇ ಮಾಡ್ತಾರೆ. ಅವರನ್ನಿನ್ನೂ ಕೇಳಿಲ್ಲ, ಈಗ ಕೇಳ್ತಿದ್ದೀನಿ." ಮೇಜಿನ ಸುತ್ತ ನಗು ಹಬ್ಬಿತು. ಅವಳು ಹೂಂ ಎಂದದ್ದು ನಗುವಿನ ನಡುವೆಯೂ ಎಲ್ಲರಿಗೂ ಕೇಳಿಸಿತು.

ಮೆಟ್ಟಿಲ ಬಳಿ ನಿಂತು ಗಂಡನಿಗೆ ಫೋನು ಮಾಡಿದಳು. ಅವನು ಯಾವುದೋ ಕಟ್ಟಡದ ಹನ್ನೊಂದನೇ ಮಹಡಿಯಲ್ಲಿದ್ದ. ಎಲ್ಲ ಕೇಳಿ, "ಹಂಗಾದ್ರೆ ಇನ್ನೂ ನಾಲ್ಕು ವರ್ಷ ಊಟದ ಮೇಜಲ್ಲಿ ನನಗೆ ಜಾಗ ಇಲ್ಲ ಅನ್ನು," ಎಂದ. ಆಮೇಲೆ ಫೋನಿನಿಂದ ಬಾಯಿ ತಿರುಗಿಸಿ ಜೊತೆಯವರಿಗೆ ಗಟ್ಟಿಯಾಗಿ ಸುದ್ದಿ ಹೇಳುತ್ತಿದ್ದುದು ಅವಳಿಗೆ ಕೇಳಿಸಿತು.

ಸಭೆ ಮುಗಿದರೂ ಕೋಶಗಳಿಗೆ ಆಹಾರ ಹಾಕುವ ಹೊತ್ತು ತಪ್ಪಿಸುವಂತಿರಲಿಲ್ಲ. ಅವಳು ನಿಧಾನವಾಗಿ ಬಿಳಿ ಕೋಟು ತೊಟ್ಟು, ಕೋಶ ಬೆಳೆಸಿದ್ದ ಚಪ್ಪಟೆ ಫ್ಲಾಸ್ಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಹಿಂದೆಯೇ ಭಟ್ಟಿ ಬಂದ.

"ಸಿಸ್ಟರ್, ಒಂದ್ಸಲ ನಾನೂ ನೋಡ್ಲಾ? ಮೂರು ವರ್ಷದಲ್ಲಿ ಜೀವ ಇರೋದನ್ನ ಇದ್ರಲ್ಲಿ ನೋಡೇ ಇಲ್ಲ."

ಅವಳು ಎದ್ದು ಸ್ಟೂಲು ಬಿಟ್ಟುಕೊಟ್ಟಳು, ತಿರುಪು ಹಿಡಿಯುವುದು ಎಲ್ಲಿ ಎಂದು ತೋರಿಸಿದಳು. ಅವನು ಬಗ್ಗಿ, ಒಂದು ಕಣ್ಣು ಮುಚ್ಚಿ, ತಿರುಪನ್ನು ಆಚೆ ಈಚೆ ಆಡಿಸಿದ. ಆಮೇಲೆ ಅವನ ಬೆರಳು ನಿಂತಿತು. ಕಿಟಕಿಯ ಬಿಸಿಲು ಮೇಜು ದಾಟಿ ಅವನ ಬೆನ್ನಿನವರೆಗೆ ಬಂತು. ಆಹಾರದ ಬಾಟಲಿ ಕೈಯಲ್ಲಿ ಹಿಡಿದುಕೊಂಡು ಅವಳು ಪಕ್ಕದಲ್ಲೇ ನಿಂತಿದ್ದಳು. ಅವನು ತಲೆ ಎತ್ತಲಿಲ್ಲ. ಅವಳೂ ಅವಸರ ಮಾಡಲಿಲ್ಲ.