ಅತ್ತೆಯ ಎಡೆಯ ವಡೆ

ಹಿರಿಯರ ಹಬ್ಬ ಇನ್ನೂ ತಿಂಗಳಿದೆ ಅನ್ನುವಾಗಲೇ ಮರಮ್ಮ ರಾತ್ರಿಯ ಮುದ್ದೆ ಬಿಟ್ಟಳು. ಗಂಡ ದೇವಯ್ಯ ಕೇಳಿದರೆ ಹೊಟ್ಟೆ ತುಂಬಿದೆ ಅನ್ನುತ್ತಿದ್ದಳು. ಏನು ತಿಂದು ತುಂಬಿತು ಅನ್ನುವುದನ್ನು ಮಾತ್ರ ಆ ಪುಣ್ಯಾತ್ಮ ಒಂದು ದಿನವೂ ಕೇಳಲಿಲ್ಲ. ಹೀಗೆ ಉಳಿದ ರಾಗಿಯನ್ನು ಅವಳು ಗೌಡರ ಮನೆಗೆ ಕೊಟ್ಟು ಅಕ್ಕಿ ಈಸಿಕೊಂಡು ಬಂದಳು. ಅದು ಜರ್ಮನಿಯವರ ಯುದ್ಧದ ಕಾಲ. ಪಿರಿಯಾಪಟ್ಟಣದ ಸಂತೆಯಲ್ಲಿ ಅಕ್ಕಿ ಕಣ್ಣಿಗೆ ಬೀಳುವುದೇ ಅಪರೂಪ, ಬಿದ್ದರೂ ರಾವಂದೂರು ಕಡೆಯ ಕೂಲಿಯವರ ಕೈಗೆ ಬೀಳುತ್ತಿರಲಿಲ್ಲ.

ಅಕ್ಕಿ ಆಯಿತು. ಮಿಕ್ಕಿದ್ದಕ್ಕೂ ಅವಳ ಲೆಕ್ಕಾಚಾರ ತಲೆಯಲ್ಲೇ ನಡೆಯುತ್ತಿತ್ತು. ಮೊಟ್ಟೆ ನಿಲ್ಲಿಸಿದ ಕೋಳಿಯೊಂದಿತ್ತು. ಸಾರಿಗೆ ಹಿತ್ತಲ ಬದನೆಕಾಯಿ ಧಾರಾಳವಾಗಿ ಬಿದ್ದರೆ ಒಂದು ಕೋಳಿ ಎರಡಾದಂತೆ ಕಾಣುತ್ತದೆ. ಮಾವನ ಎಡೆಗೆ ಹೊಗೆಸೊಪ್ಪು ಇಟ್ಟರೆ ಸಾಕು, ಆತ ಬದುಕಿದ್ದಾಗಲೂ ಊಟಕ್ಕಿಂತ ಅದಕ್ಕೇ ಹೆಚ್ಚು ಬಾಯಿಬಿಡುತ್ತಿದ್ದವನು. ಕಷ್ಟವಿದ್ದದ್ದು ಅತ್ತೆ ಕೆಂಪಾಜಮ್ಮನ ಎಡೆಯದು. ಅವಳಿಗೆ ವಡೆ ಬೇಕು.

ವಡೆಯ ಹಿಂದೆ ಒಂದು ನೋವಿತ್ತು. ಕೆಂಪಾಜಮ್ಮ ಹಾಸಿಗೆ ಹಿಡಿದು ಮಲಗಿದ್ದಾಗ ಒಂದು ದಿನ ಮಗನನ್ನು ಕರೆದು, ಒಂದು ವಡೆ ತಿನ್ನಬೇಕು ಅನ್ನಿಸುತ್ತದೆ ಅಂದಳು. ದಿನವಿಡೀ ದುಡಿದು ಬಂದಿದ್ದ ದೇವಯ್ಯ ರೇಗಿಬಿಟ್ಟ. "ಸಾಯೋ ಕಾಲ್ದಲ್ಲಿ ಬಾಯಿ ಚಪಲ ನೋಡು! ಎಣ್ಣೆ ಯಾವ ಕೆರೇಲದೆ, ತುಂಬ್ಕೊಂಡ್ ಬತ್ತೀನಿ!" ಮುದುಕಿ ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಏನನ್ನೂ ಕೇಳಲಿಲ್ಲ, ಆ ವಾರದಲ್ಲೇ ಹೋಗಿಬಿಟ್ಟಳು. ಅಂದಿನಿಂದ ದೇವಯ್ಯನ ಮುಖದಲ್ಲಿ ನಗು ಅನ್ನುವುದೇ ಇಲ್ಲ. ಹೋದ ವರ್ಷದ ಹಬ್ಬದಲ್ಲಿ ಎಡೆ ಇಟ್ಟ ಕೋಣೆಯ ಬಾಗಿಲು ತೆರೆದು, ಇಟ್ಟಿದ್ದು ಇಟ್ಟಂತೆಯೇ ಇದ್ದುದನ್ನು ಕಂಡು, "ಅವ್ವ ಬರ್ನಿಲ್ಲ ಕಣೆ. ಬತ್ತಾಳಾ ನನ್ನಂತೋನ ಮನ್ಗೆ?" ಎಂದು ಊಟ ಬಿಟ್ಟು ಎದ್ದಿದ್ದ. ಈ ಸಲವೂ ಹಾಗಾದರೆ ಗಂಡ ಉಳಿಯುವುದಿಲ್ಲವೇನೋ ಎಂಬ ಭಯ ಮರಮ್ಮನಿಗೆ.

ಆದ್ದರಿಂದ ಗಾಣದವರ ಮನೆಯ ಕೊಟ್ಟಿಗೆ ಬಳಿದು ಒಂದಿಷ್ಟು ಹುಚ್ಚೆಳ್ಳೆಣ್ಣೆ ತಂದಳು. ಗೌಡರ ಕಣದಲ್ಲಿ ಕಾಳು ಕೇರಿ ಎರಡು ಹಿಡಿ ಉದ್ದು ತಂದಳು. ಹಬ್ಬದ ದಿನ ಹಾರನಹಳ್ಳಿಯಿಂದ ನಾದಿನಿ ಚಿಕ್ಕಬೀರಮ್ಮ ಬಂದಳು, ಅವ್ವನ ಎಡೆಗೆ ಎಂದು ಒಂದು ರವಿಕೆ ಬಟ್ಟೆಯನ್ನೂ ತಂದಳು. ಎಡೆಯ ಅಡುಗೆ ಮಾಡುವವಳು ಉಪವಾಸವಿರಬೇಕು, ಉಪ್ಪು ಖಾರ ಕೂಡ ನೋಡುವ ಹಾಗಿಲ್ಲ. ತಿಂಗಳಿನ ಅರೆಹೊಟ್ಟೆಯ ಮೇಲೆ ಆ ಉಪವಾಸವೂ ಬಂದು ಕೂತಿತು. ಎಣ್ಣೆ ಸಾಲದೆ ವಡೆಗಳು ಬಾಣಲೆಯಲ್ಲಿ ಅರ್ಧ ಮುಳುಗಿ ಅರ್ಧ ಮೇಲೆದ್ದು ಬೇಯುತ್ತಿದ್ದರೆ, ಆ ವಾಸನೆಗೆ ಮರಮ್ಮನ ಕಣ್ಣಿಗೆ ಕತ್ತಲೆ ಕಟ್ಟಿತು.

ದೀಪ ಹಚ್ಚುವ ಹೊತ್ತಿಗೆ ಕೋಣೆಯಲ್ಲಿ ಬಾಳೆಯೆಲೆ ಹಾಸಿ ಎಡೆ ಬಡಿಸಿದರು. ಧೂಪ ಹಾಕಿ, ಕೈಮುಗಿದು, ಎಲ್ಲರೂ ಹೊರಗೆ ಬಂದರು. ಇನ್ನು ಬಾಗಿಲು ಮುಚ್ಚಿಕೊಂಡು ಹೊರಗೆ ಕಾಯಬೇಕು, ಹಿರಿಯರು ಬಂದು ಉಂಡು ಹೋಗಬೇಕು. ಅಷ್ಟರಲ್ಲಿ ದೇವಯ್ಯ, "ನೀರು ಮಡಗ್ದೇನೆ?" ಅಂದ. ಮಡಗಿರಲಿಲ್ಲ. ಮರಮ್ಮ ಚೊಂಬು ಹಿಡಿದು ಒಬ್ಬಳೇ ಒಳಗೆ ಹೋದಳು.

ನೀರಿಟ್ಟು ಏಳಬೇಕು. ಎದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ವಡೆಯ ಮೇಲೆ ಕೈ ಹೋದದ್ದು ಅವಳಿಗೇ ತಿಳಿಯಲಿಲ್ಲ. ಬಾಯಿಗೆ ಹೋದದ್ದು ಮಾತ್ರ ತಿಳಿಯಿತು. ಕಚ್ಚಿದಳು, ಅಗಿದಳು, ನುಂಗಿದಳು. ಆಮೇಲೆ ಎದೆ ಧಸಕ್ಕೆಂದಿತು. ಅಯ್ಯೋ, ಸತ್ತವರ ಎಡೆ! ಸಾಯುವಾಗ ಕೇಳಿ ಸಿಗದೆ ಹೋದ ವಡೆ! ಹೊರಗಿನಿಂದ ದೇವಯ್ಯ ಕೆಮ್ಮಿದ. ಮಿಕ್ಕ ಅರ್ಧವನ್ನು ಎಲೆಯ ಮೇಲೆ ಹಾಕಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಕಾಯುವಷ್ಟು ಹೊತ್ತೂ ಅವಳಿಗೆ ತಲೆ ಎತ್ತಲಾಗಲಿಲ್ಲ. ಗಂಡನ ಮುಖ ನೋಡಲು ನಾಚಿಕೆ, ನಾದಿನಿಯ ಮುಖ ನೋಡಲು ನಾಚಿಕೆ.

ಬಾಗಿಲು ತೆರೆದವನು ದೇವಯ್ಯ. ದೀಪ ಹಿಡಿದು ಬಗ್ಗಿ ನೋಡಿದ.

"ಅವ್ವ ಬಂದಿದ್ಲು ಕಣ್ರವ್ವಾ! ನೋಡ್ರಿಲ್ಲಿ, ವಡೆ ಕಚ್ಚವ್ಳೆ!"

ಅಷ್ಟು ದೊಡ್ಡ ಗಂಡಸು ನೆಲಕ್ಕೆ ಹಣೆ ಹಚ್ಚಿ ಅತ್ತ. ಚಿಕ್ಕಬೀರಮ್ಮ ಓಡಿ ಬಂದು ವಡೆಯನ್ನು ದೀಪದ ಹತ್ತಿರ ಹಿಡಿದಳು. ಕಚ್ಚಿದ ಕಡೆ ಹಲ್ಲಿನ ಸಾಲು ಸ್ಪಷ್ಟವಾಗಿ ಮೂಡಿತ್ತು.

"ಅಣ್ಣ, ಅವ್ವುಂಗೆ ಹಲ್ಲೆಲ್ಲಿತ್ತು? ಎಲೆಅಡ್ಕೇನೂ ಕುಟ್ಟಾಣೀಲಿ ಕುಟ್ಕೊಡ್ತಿದ್ವಿ..."

ಅಂದವಳು ತಿರುಗಿ ಮರಮ್ಮನನ್ನು ನೋಡಿದಳು. ಒರೆಸಿದರೂ ತುಟಿಯ ತುದಿಯಲ್ಲಿ ಎಣ್ಣೆ ಹೊಳೆಯುತ್ತಿತ್ತು. ಬತ್ತಿದ ಕೆನ್ನೆ, ಎದ್ದು ಕಾಣುವ ಕತ್ತಿನ ಮೂಳೆ, ಎಲ್ಲವೂ ಕಂಡವು. ಮರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೇಳಿಬಿಡೋಣವೆಂದು, "ಅದು... ನಾನು..." ಅಂದಳು.

"ಬುಡಣ್ಣ," ಎಂದು ಚಿಕ್ಕಬೀರಮ್ಮ ಮಾತನ್ನು ಅಲ್ಲೇ ತಡೆದಳು. "ಹೋದೋರ್ಗೆ ಅಲ್ಲಿ ಹಲ್ಲು ಬಂದ್ರೂ ಬಂದಿರ್ತವೆ. ನಾವೇನು ಕಂಡಿದ್ದೀವಾ?"

"ಬಂದಿರ್ತವೆ, ಬಂದಿರ್ತವೆ," ಎಂದು ದೇವಯ್ಯ ಕಣ್ಣೀರಿನಲ್ಲೇ ನಕ್ಕ. ನಕ್ಕೇ ನಕ್ಕ. ಆಮೇಲೆ ಆ ಅರ್ಧ ವಡೆಯನ್ನು ಹೆಂಡತಿಯ ಮುಂದೆ ಹಿಡಿದ. "ಅರ್ಧ ತಿಂದು ಅರ್ಧ ಮಡಗವ್ಳೆ ನೋಡೇ. ಇದ್ದಾಗ್ಲೂ ಅಂಗೇ ಅಲ್ವಾ? ಏನು ಸಿಕ್ಕುದ್ರೂ ಸೊಸೆಗೆ ಅಂತ ಅರ್ಧ ಸೆರಗಿಗೆ ಕಟ್ಕೊಳೋಳು. ಇದು ನಿಂದು ಕಣೆ. ತಿನ್ನು."

ಅದು ನಿಜವಾಗಿತ್ತು. ಮುದುಕಿ ಮದುವೆಮನೆಯ ಕಜ್ಜಾಯದಲ್ಲೂ ಅರ್ಧ ಮುರಿದು ತಂದು ಮರಮ್ಮನ ಕೈಗಿಡುತ್ತಿದ್ದಳು.

"ನಂಗೆ ಬ್ಯಾಡ," ಎಂದು ಮರಮ್ಮ ಹಿಂದೆ ಸರಿದಳು. ಚಿಕ್ಕಬೀರಮ್ಮ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು, ಕಿವಿಯ ಹತ್ತಿರ ಬಗ್ಗಿ, ಅಣ್ಣನಿಗೆ ಕೇಳಿಸದಂತೆ ಹೇಳಿದಳು. "ಅವ್ನು ಈಗ ನಕ್ಕವ್ನೆ. ಬಾಯಿ ಮುಚ್ಕೊಂಡು ತಿನ್ನತ್ಗೆ."

ದೇವಯ್ಯ ಮಗುವಿನಂತೆ ಕಾದು ನಿಂತಿದ್ದ. ಮರಮ್ಮ ವಡೆಯನ್ನು ಬಾಯಿಗಿಟ್ಟುಕೊಂಡಳು. ಗಂಟಲಲ್ಲಿ ಇಳಿಯದೆ ಸಿಕ್ಕಿಕೊಳ್ಳಲಿ ಎಂದು ಬೇಡಿಕೊಂಡಳು. ಹಾಗೇನೂ ಆಗಲಿಲ್ಲ. ವಡೆ ತುಂಬ ರುಚಿಯಾಗಿತ್ತು, ಮತ್ತು ಅವಳಿಗೆ ಇನ್ನೊಂದು ಬೇಕು ಅನ್ನಿಸಿತು.