ಕನ್ನಡಿ ಗೂಡಿನ ಓತಿಕ್ಯಾತ

ಕನ್ನಡಿ ಅಂಗಡಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವನು ಮೆಣಸು. ಗಿರಾಕಿ ಒಂದು ಮಾತಾಡಿದರೆ ಎರಡು ತಿರುಗಿಸಿ ಕೊಡುವವ. ಶಾಲೆಯನ್ನು ನಡುವೆಯೇ ಬಿಟ್ಟವ, ಆಮೇಲೆ ಗ್ಯಾರೇಜು ಬಿಟ್ಟವ, ಬೇಕರಿಯಲ್ಲಂತೂ ಹಿಟ್ಟಿನ ಮೂಟೆಯನ್ನು ಮಾಲೀಕನ ಕಾಲ ಬುಡದಲ್ಲೇ ಕೆಡವಿ ಎದ್ದು ಬಂದವ. "ನಿನ್ನ ತಮ್ಮ ಹಿಡಿದ ಕೆಲಸ ಒಂದಾದ್ರೂ ಕೊನೆ ಮುಟ್ಟಿಸಿದ್ದು ಉಂಟಾ?" ಎಂದು ಭಾವ ಕೇಳಿದಾಗಲೆಲ್ಲ ಅಕ್ಕನಿಗೆ ನಗು ತಡೆಯಲು ಏನಾದರೊಂದು ಪಾತ್ರೆ ತೊಳೆಯುವ ನೆಪ ಬೇಕಾಗುತ್ತಿತ್ತು. ಅಕ್ಕನ ಮನೆಯಲ್ಲೇ, ಬಟ್ಟೆ ಒಣಗಿಸುವ ಸಣ್ಣ ಕೋಣೆಯಲ್ಲಿ ಅವನ ವಾಸ. ಹಾಗಾಗಿ ಕೇಳಿಸಿದರೂ ಕೇಳಿಸದವನ ಹಾಗೆ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದ.

ಒಂದು ದಿನ ಸಾಕುಪ್ರಾಣಿ ಮಾರುವ ಅಂಗಡಿಗೆ ಗಾಜು ಕೂರಿಸಲು ಹೋಗಿದ್ದ. ಅಲ್ಲೊಂದು ಪ್ಲಾಸ್ಟಿಕ್ ಪೆಟ್ಟಿಗೆಯ ತುಂಬ ಮರಳಿನ ಬಣ್ಣದ ಮರಿಗಳು, ಮೈಯ ಎರಡೂ ಬದಿಗೆ ಮುಳ್ಳಿನ ಸಾಲು. ಗಡ್ಡದ ಓತಿಕ್ಯಾತವಂತೆ. ಸಿಟ್ಟು ಬಂದರೆ, ಹೆದರಿದರೆ ಗಂಟಲು ಉಬ್ಬಿಸಿ ಕಪ್ಪು ಮಾಡಿಕೊಳ್ಳುತ್ತದಂತೆ, ಅದೇ ಗಡ್ಡ. ಎಲ್ಲಕ್ಕಿಂತ ಸಣ್ಣದೊಂದು ಮೂಲೆಗೆ ಅಂಟಿಕೊಂಡಿತ್ತು. ಬಾಲದ ತುದಿಯನ್ನು ಯಾವುದೋ ಕಡಿದು ತಿಂದಿತ್ತು. ಮೇಲಿನಿಂದ ಮಿಡತೆ ಬಿದ್ದರೆ ಉಳಿದವು ಇದರ ತಲೆಯನ್ನೇ ತುಳಿದುಕೊಂಡು ಓಡುತ್ತಿದ್ದವು. ಇದು ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಅಷ್ಟೆ.

"ಕಡೀತಾ ಇದಾವಲ್ರೀ! ಕಾಣಲ್ವಾ ನಿಮಗೆ?" ಎಂದು ಮೆಣಸು ರೇಗಿದ.

ಅಂಗಡಿಯಾಕೆ ತಲೆ ಎತ್ತಲಿಲ್ಲ. "ಕಾಣುತ್ತಪ್ಪ. ಬೇರೆ ಗೂಡಿಲ್ಲ ಅಂತ ತಾನೇ ಗಾಜು ಕೂರಿಸೋಕೆ ನಿನ್ನ ಕರೆಸಿದ್ದು? ನೀನು ಬೈಕೊಂಡು ನಿಂತಷ್ಟೂ ಅದಕ್ಕೇ ತಡ."

ಅವನು ಕೆಲಸಕ್ಕೆ ಕೈ ಹಾಕಿದ. ಆದರೆ ಗಾಜು ಕೂರಿಸಿ ಮುಗಿಸಿದ ಮೇಲೂ ಕಾಲು ಹೊರಡಲೊಲ್ಲದು. "ಇದನ್ನ ನನಗೆ ಕೊಡಿ. ನಾನು ಸಾಕ್ತೀನಿ."

ಆಕೆ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಸಾಕೋದು ಅಂದ್ರೆ ಮೊದಲು ಕೆಲವು ದಿನ ಸುಮ್ನಿರೋದು. ಗೂಡಿನ ಒಂದು ಕಡೆ ಬಿಸಿ ದೀಪ, ಇನ್ನೊಂದು ಕಡೆ ತಂಪು. ಊಟ ಹಾಕು, ಆಚೆ ಬಾ. ಎತ್ತಬಾರದು, ಮುದ್ದು ಮಾಡಬಾರದು, ಗಳಿಗೆಗೊಂದ್ಸಲ ಇಣುಕಬಾರದು. ಸುಮ್ನಿರೋಕೆ ಬರುತ್ತಾ ನಿನಗೆ?"

"ಬರುತ್ತೆ."

"ಆಗದಿದ್ರೆ ವಾಪಸ್ ತಂದ್ಬಿಡು, ಬೇಜಾರೇನಿಲ್ಲ."

ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮೆಣಸಿನ ಕಿವಿಗೆ ಅದು ಭಾವನ ದನಿಯಲ್ಲಿ ಕೇಳಿಸಿತು. ವಾಪಸ್ ತರುವುದಂತೆ! ಪ್ರಾಣ ಹೋದರೂ ತರುವುದಿಲ್ಲ ಎಂದುಕೊಂಡ.

ಗೂಡನ್ನು ಅವನೇ ಕಟ್ಟಿದ. ಕನ್ನಡಿ ಅಂಗಡಿಯ ಯಜಮಾನರು ಬಂದ ಗಿರಾಕಿಗಳಿಗೆಲ್ಲ ಹೇಳುವ ಮಾತೊಂದಿತ್ತು: "ಗೋಡೆಗೆ ಕನ್ನಡಿ ಹಾಕಿಸಿ, ಇದ್ದ ಕೋಣೆ ಎರಡಾಗುತ್ತೆ." ಅದನ್ನೇ ಮೆಣಸೂ ಎಷ್ಟು ಸಲ ಒಪ್ಪಿಸಿದ್ದನೆಂದರೆ, ತನ್ನ ಬಾಯಿಮಾತಿಗೆ ತಾನೇ ಮರುಳಾಗಿದ್ದ. ಪೆಟ್ಟಿಗೆಯಲ್ಲಿ ತುಳಿಸಿಕೊಂಡ ಜೀವ, ಜಾಗ ದೊಡ್ಡದಾಗಿ ಕಾಣಲಿ ಎಂದು ಅಂಗಡಿಯಲ್ಲಿ ಉಳಿದ ತುಂಡುಗಳಲ್ಲಿ ಒಳ್ಳೆಯವನ್ನೇ ಆರಿಸಿ ಮೂರು ಬದಿಗೂ ಕನ್ನಡಿ ಕೂರಿಸಿದ. ಮುಂದೆ ಬರಿ ಗಾಜು, ಮೇಲೆ ಜಾಲರಿ. ಅಂಚುಗಳನ್ನು ಬೆರಳಿಗೆ ರೇಷ್ಮೆಯ ಹಾಗೆ ತಾಗುವವರೆಗೆ ಉಜ್ಜಿದ. ಅಂಟಿನ ವಾಸನೆ ಪೂರ್ತಿ ಹೋಗುವ ತನಕ ಗಾಳಿಗಿಟ್ಟ. ಹೊಗಳಿಕೆಯ ವಿಷಯದಲ್ಲಿ ಜಿಪುಣರಾದ ಯಜಮಾನರು ಅದರ ಸುತ್ತ ಒಂದು ಸುತ್ತು ಬಂದು, "ಕೈ ಕುದುರಿದೆ ಕಣೋ" ಎಂದರು. ಆ ದಿನವೆಲ್ಲ ಅವನು ಯಾರ ಮೇಲೂ ಹಾರಾಡಲಿಲ್ಲ. ಅಂಗಡಿಯವರಿಗೆ ಇವನಿಗೆ ಜ್ವರವೇನೋ ಎನ್ನಿಸಿತು.

ಮನೆಗೆ ಓತಿ ಬಂತು. "ಅಡುಗೆಮನೆ ಹೊಸ್ತಿಲು ದಾಟಿದ್ರೆ ಅದೂ ಆಚೆ, ನೀನೂ ಆಚೆ" ಎಂದಳು ಅಕ್ಕ. ಭಾವ ಬಗ್ಗಿ ನೋಡಿ, "ಬನ್ನಿ ಸಾಹೇಬ್ರೇ. ಗಡ್ಡ ಬಿಟ್ಟವರು ಮನೇಲಿ ಒಬ್ಬರಾದ್ರೂ ಇರಲಿ, ಇವನಿಗೆ ಇನ್ನೂ ಸರಿಯಾಗಿ ಬಂದಿಲ್ಲ" ಎಂದ. ಅಂದಿನಿಂದ ಅದಕ್ಕೆ ಸಾಹೇಬ್ರು ಎಂದೇ ಹೆಸರಾಯಿತು.

ಸಾಹೇಬ್ರು ತಿನ್ನಲಿಲ್ಲ. ದೀಪದ ಕೆಳಗೆ ಮೈ ಕಾಯಿಸಲು ಚಪ್ಪಟೆ ಇಟ್ಟಿಗೆ ಇಟ್ಟಿದ್ದರೆ ಅದರ ಮೇಲೆ ಹತ್ತುವ ಬದಲು ಅಡಿಗೆ ತೂರಿಕೊಂಡಿತು. ಮಿಡತೆ ಬಿಟ್ಟರೆ ಅದು ಇದರ ಬೆನ್ನ ಮೇಲೆಯೇ ಸವಾರಿ ಮಾಡಿತು. ಮೆಣಸು ಇಣುಕಿದ, ಮತ್ತೆ ಇಣುಕಿದ. ಕೈ ಹಾಕಿ ಎತ್ತಿ ದೀಪದ ಕೆಳಗಿಟ್ಟ. ಚಿಮಟದಲ್ಲಿ ಮಿಡತೆ ಹಿಡಿದು ಮೂತಿಗೆ ತಾಗಿಸಿದ. ಗಂಟಲು ಇದ್ದಿಲಿನ ಹಾಗೆ ಕಪ್ಪಾಯಿತು, ಬಾಯಿ ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ.

"ನಿನಗೂ ನನ್ನ ಕಂಡ್ರೆ ಆಗಲ್ವಾ? ತಿನ್ನು ಅಂದ್ರೆ ತಿನ್ನಬೇಕು!" ಅವನ ಕೂಗಿಗೆ ಪಕ್ಕದ ಕೋಣೆಯಲ್ಲಿ ಭಾವನ ನಿದ್ದೆ ಹಾರಿತು.

"ಆ ಮುಖ ಎದುರಿಗಿಟ್ಕೊಂಡು ಕೂತ್ರೆ ನನಗೂ ಊಟ ಸೇರಲ್ಲಪ್ಪ," ಎಂದ ಭಾವ ಬಾಗಿಲಲ್ಲಿ ನಿಂತು.

ಅಕ್ಕ ನಗಲಿಲ್ಲ. ಗಾಜಿನ ಹತ್ತಿರ ಬಂದು ನೋಡಿದಳು. ಓತಿಯ ಸೊಂಟದ ಮೂಳೆ ಚರ್ಮದಡಿ ಎದ್ದು ಕಾಣುತ್ತಿತ್ತು. "ನೋಡೋ, ಕಣ್ಣೆದುರಿಗೆ ಒಂದು ಜೀವ ಉಪವಾಸ ಬಿದ್ದು ಸಾಯೋದು ನನ್ನಿಂದ ನೋಡೋಕಾಗಲ್ಲ. ಭಾನುವಾರದೊಳಗೆ ತಿಂದ್ರೆ ಸರಿ. ಇಲ್ಲಾಂದ್ರೆ ತಗೊಂಡು ಹೋಗಿ ಆ ಅಂಗಡಿಗೇ ಕೊಟ್ಟು ಬಾ."

"ಮತ್ತೆ ಅವುಗಳ ಜೊತೆ ಹಾಕಿದ್ರೆ ಅವೆಲ್ಲ ಸೇರಿ ಇದನ್ನ ತಿಂದು ಹಾಕ್ತವೆ ಅಕ್ಕ!"

"ಇಲ್ಲಿ ನೀನು ತಿನ್ನಿಸದೆ ಸಾಯಿಸ್ತೀಯ. ಏನು ವ್ಯತ್ಯಾಸ?"

ಆ ಮಾತು ನಾಟಿತು. ಅಂಗಡಿಯಾಕೆಗೆ ಫೋನು ಮಾಡಿದ. ಆಕೆ ಕೇಳಿದ್ದು ಎರಡೇ. "ಮುಟ್ಟಿದ್ಯಾ?" ಮೆಣಸು ಕೈಯಲ್ಲಿದ್ದ ಚಿಮಟ ಕೆಳಗಿಟ್ಟ. "ಇಣುಕಿದ್ಯಾ?" ಗೂಡಿನ ಮುಂದಿನಿಂದ ಒಂದು ಹೆಜ್ಜೆ ಹಿಂದೆ ಸರಿದ. "ಫೋನಿಡು. ಆ ಕೋಣೆಯಿಂದ ಆಚೆ ಹೋಗು. ಹಾಗೂ ತಿನ್ನದಿದ್ರೆ ಸೋಮವಾರ ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ."

ಮೆಣಸು ಆಚೆ ಹೋದ. ಹೋಗಿ, ಬಾಗಿಲು ಮುಚ್ಚಿ, ಸಂದಿಗೆ ಕಣ್ಣಿಟ್ಟ. ಪೂರ್ತಿ ಸುಮ್ಮನಿರುವುದು ಒಂದೇ ಏಟಿಗೆ ಬರುತ್ತದೆಯೇ?

ಕೋಣೆಯಲ್ಲಿ ನರಪಿಳ್ಳೆಯಿಲ್ಲ. ಸಾಹೇಬ್ರು ಇಟ್ಟಿಗೆಯಡಿಯಿಂದ ತಲೆ ಹಾಕಿ, ಎರಡು ಹೆಜ್ಜೆ ಈಚೆ ಬಂತು. ಬಂದದ್ದೇ ತಡ, ಗಂಟಲು ಕಪ್ಪಿಟ್ಟಿತು. ಮೆಣಸಿಗೆ ಆಶ್ಚರ್ಯ. ನಾನಂತೂ ಇಲ್ಲಿದ್ದೇನೆ, ಮತ್ತೆ ಯಾರ ಮೇಲೆ ಈ ಸಿಟ್ಟು? ಓತಿ ಎಡಕ್ಕೆ ತಿರುಗಿತು, ತಲೆ ಕುಣಿಸಿತು. ಎಡಗಡೆಯ ಕನ್ನಡಿಯಲ್ಲೂ ಒಂದು ತಲೆ ಕುಣಿಯಿತು. ಬಲಕ್ಕೆ ತಿರುಗಿತು. ಅಲ್ಲೂ ಒಂದು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಕಣ್ಣು ಹೋದಷ್ಟು ದೂರ ಕಪ್ಪು ಗಂಟಲಿನ ಸಾಲು.

ಎದುರುಬದುರು ಕನ್ನಡಿ! ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕ್ಷೌರದಂಗಡಿಯಲ್ಲಿ ಹೀಗೇ ಕೂರಿಸಿ, ಗಿರಾಕಿಗಳಿಗೆ ತಮ್ಮದೇ ಕುತ್ತಿಗೆಗಳ ಮೆರವಣಿಗೆ ಕಂಡು ತಲೆ ತಿರುಗಿ, ಯಜಮಾನರಿಂದ ಉಗಿಸಿಕೊಂಡಿದ್ದ. ಇದು ಅವನಿಗೆ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಮಾಡಿದ್ದ. ಪೆಟ್ಟಿಗೆಯಲ್ಲಿ ಕಡಿಯುವವು ಎಣಿಕೆಗೆ ಸಿಗುವಷ್ಟಾದರೂ ಇದ್ದವು. ಇಲ್ಲಿ ಅವನು ಮುದ್ದಿನಿಂದ, ಅಂಚು ಉಜ್ಜಿ ಉಜ್ಜಿ, ಲೆಕ್ಕವಿಲ್ಲದಷ್ಟನ್ನು ತಂದು ಕೂರಿಸಿದ್ದ.

ಓತಿಯನ್ನು ಒಂದು ರಟ್ಟಿನ ಪೆಟ್ಟಿಗೆಗೆ ಮೆಲ್ಲಗೆ ಸೇರಿಸಿದ. ದೀಪವನ್ನು ರಟ್ಟಿಗೆ ಬಿಸಿ ತಾಗದಷ್ಟು ಎತ್ತರಕ್ಕೆ ಕಟ್ಟಿ, ಅಕ್ಕನಿಗೆ ಕಾವಲು ವಹಿಸಿ, ಗೂಡನ್ನು ಹೆಗಲ ಮೇಲೆ ಹೊತ್ತು ಕನ್ನಡಿ ಅಂಗಡಿಗೆ ನಡೆದ. ಅವನು ಅಲಗಿನಿಂದ ಅಂಟು ಸೀಳತೊಡಗಿದ್ದು ಕಂಡು ಯಜಮಾನರು ಓಡಿ ಬಂದರು.

"ಏ ಏ, ಏನೋ ಮಾಡ್ತಿದೀಯ? ನಾಕು ಜನಕ್ಕೆ ತೋರಿಸೋಣ ಅಂತಿದ್ದೆ ಕಣೋ ಇದನ್ನ!"

"ಅದಕ್ಕೆ ಆಗಿ ಬರ್ತಿಲ್ಲ ಸರ್. ಕನ್ನಡೀಲಿ ಶತ್ರು ಕಾಣ್ತಾವೆ."

"ಅಷ್ಟೇನಾ? ಮೇಲೊಂದು ಕಾಗದ ಅಂಟಿಸು, ಮುಗೀತು. ಇಷ್ಟು ಚೆಂದದ ಕೆಲಸಾನ ಯಾರಾದ್ರೂ ಒಡೀತಾರಾ?"

"ದೀಪದ ಬಿಸಿಗೆ ಕಾಗದ ಎದ್ದು ಬರುತ್ತೆ. ಒಂದು ಮೂಲೆ ಎದ್ರೆ ಸಾಕು, ಅಲ್ಲಿಂದ ಒಂದು ಕಣ್ಣು ಇಣುಕುತ್ತೆ. ಬೇಡ ಸರ್."

ಅಂಟು ಗಟ್ಟಿಯಾಗಿ ಹಿಡಿದಿತ್ತು. ಹಿಡಿಯಲೆಂದೇ ಹಾಕಿದ್ದು, ಹಾಕಿದವನೂ ಅವನೇ. ಯಾರನ್ನು ಬೈಯುವುದು? ಅಲಗು ಜಾರಿ ಹೆಬ್ಬೆರಳು ಕುಯ್ದುಕೊಂಡಿತು. ಚಿಂದಿ ಸುತ್ತಿಕೊಂಡು ಮತ್ತೆ ಕೂತ. ಮೊದಲ ಕನ್ನಡಿ ಬಿಟ್ಟು ಬಂತು. ಎರಡನೆಯದಕ್ಕೆ ಯಜಮಾನರು ತಾವಾಗಿ ಬಂದು ಆ ತುದಿ ಹಿಡಿದರು. ಕನ್ನಡಿಗಳನ್ನು ತುಂಬಿಸಿಕೊಂಡು ಬರುವ ಪೆಟ್ಟಿಗೆಗಳ ಪ್ಲೈವುಡ್ಡು ಮೂಲೆಯಲ್ಲಿ ಬಿದ್ದಿತ್ತು. ಅದನ್ನೇ ಅಳತೆಗೆ ಕುಯ್ದು, ಸಿಬಿರು ಉಜ್ಜಿ, ಅಂಟಿನ ಸಹವಾಸವೇ ಬೇಡವೆಂದು ಸ್ಕ್ರೂ ಹಾಕಿ ಬಿಗಿದ.

"ನೋಡೋಕೆ ಚೆನ್ನಾಗಿಲ್ಲ ಕಣೋ," ಎಂದರು ಯಜಮಾನರು.

"ನಮಗೆ ನೋಡೋಕಲ್ವಲ್ಲ ಸರ್ ಇದು."

ಮುಂದಿನ ಬರಿ ಗಾಜನ್ನೂ ಅವನು ನಂಬಲಿಲ್ಲ. ಒಳಗೆ ಬೆಳಕಿದ್ದು ಹೊರಗೆ ಮಬ್ಬಾದರೆ ಬರಿ ಗಾಜೂ ಕನ್ನಡಿಯಾಗುತ್ತದೆ. ಇದೂ ಅವನ ಕಸುಬಿನ ಪಾಠವೇ, ಈ ಸಲ ಮರೆಯಲಿಲ್ಲ. ಹೊರಗೂ ಬೆಳಕಿರಲಿ ಎಂದು ಕೋಣೆಯ ಕಿಟಕಿ ಪರದೆ ಪೂರ್ತಿ ಸರಿಸಿದ. ಸಾಹೇಬ್ರನ್ನು ಒಳಗೆ ಬಿಟ್ಟ.

ಭಾನುವಾರ ಮಧ್ಯಾಹ್ನ. ಒಳಗೆ ಒಂದಷ್ಟು ಮಿಡತೆ ಬಿಟ್ಟು ಬಾಗಿಲತ್ತ ಬಂದವನನ್ನು ಅಕ್ಕ ತಡೆದಳು. "ಎಲ್ಲಿಗೆ? ಮತ್ತೆ ಸಂದಿಗೆ ಕಣ್ಣಿಡೋಕಾ? ಅದರ ಬದಲು ಇಲ್ಲೇ ಗೋಡೆ ಕಡೆ ಮುಖ ಮಾಡಿ ಕೂತ್ಕೋ. ನೀನಿದ್ರೂ ತೊಂದರೆಯಿಲ್ಲ ಅನ್ನೋದು ಅದಕ್ಕೂ ಗೊತ್ತಾಗಲಿ. ತಗೋ, ಕೈಗೆ ಕೆಲಸ" ಎಂದು ಒಗೆದ ಬಟ್ಟೆಯ ರಾಶಿ ಸುರಿದು ಹೋದಳು.

ಮೆಣಸು ಗೂಡಿಗೆ ಬೆನ್ನು ಹಾಕಿ ಕೂತ. ಟವೆಲು ಮಡಚಿದ. ಭಾವನ ಅಂಗಿ ಮಡಚಿದ. ಹಿಂದೆ ಒಂದು ಸದ್ದೂ ಇಲ್ಲ. ಕುತ್ತಿಗೆ ತಾನಾಗಿ ತಿರುಗಲು ಹೊರಟಿತು, ಹಿಡಿದ. ಸತ್ತೇ ಹೋಗಿದ್ದರೆ? ತಿರುಗಬೇಡ. ಹಲ್ಲು ಕಚ್ಚಿ ಹಿಡಿಯುವುದು ಅವನಿಗೆ ಹೊಸದಲ್ಲ, ಆದರೆ ಇದುವರೆಗೆ ಹಲ್ಲು ಕಚ್ಚಿದ್ದೆಲ್ಲ ಸಿಟ್ಟಿಗೆ.

ಕರಕರ. ಉಗುರು ಇಟ್ಟಿಗೆಗೆ ತಾಗಿದ ಸದ್ದು. ಹತ್ತಿತೇ, ದೀಪದ ಕೆಳಗೆ? ಮತ್ತೆ ನಿಶ್ಶಬ್ದ. ಅವನು ದಿಂಬಿನ ಚೀಲ ಮಡಚಿದ, ಬಿಚ್ಚಿದ, ಮಡಚಿದ. ಆಮೇಲೆ ಪಟಪಟನೆ ಓಡಿದ ಸದ್ದು, ಚಟ್ ಎಂದು ನಾಲಿಗೆ ಬಡಿದಂಥದ್ದು, ಅದರ ಹಿಂದೆಯೇ, ಇನ್ಯಾವುದೂ ಅಲ್ಲ, ಕುರುಂ ಕುರುಂ.

ಅವನ ಕೂಗು ಗಂಟಲಿಗೆ ಬಂದು ನಿಂತಿತು. ನುಂಗಿಕೊಂಡ. ತಲೆ ಎತ್ತಿದರೆ ಬಾಗಿಲಲ್ಲಿ ಅಕ್ಕ, ಕಣ್ಣು ಗೂಡಿನ ಮೇಲೆ. ಅವನು ಹುಬ್ಬಿನಲ್ಲೇ ಕೇಳಿದ. ಅಕ್ಕ ಒಂದು ಬೆರಳು ಎತ್ತಿದಳು. ಸ್ವಲ್ಪ ತಡೆದು ಎರಡನೆಯದನ್ನು ಎತ್ತಿದಳು. ಆಮೇಲೆ ತನ್ನ ಗಂಟಲು ಮುಟ್ಟಿಕೊಂಡು, ಕಪ್ಪಿಲ್ಲ ಎಂದು ಕೈಯಾಡಿಸಿದಳು.

"ಏನಂತೆ, ಸಾಹೇಬ್ರ ಸವಾರಿ ಹೊರಟಿತಾ ಅಂಗಡಿಗೆ?" ಎನ್ನುತ್ತ ಭಾವ ಒಳಮನೆಯಿಂದ ಗುಡುಗಿಕೊಂಡು ಬಂದ.

ಅಕ್ಕ ಅವನ ಬಾಯಿಗೆ ಅಂಗೈ ಒತ್ತಿದಳು. "ಎಲ್ಲಿಗೂ ಇಲ್ಲ," ಎಂದಳು ಪಿಸುದನಿಯಲ್ಲಿ. "ಊಟ ಮಾಡ್ತಿದಾರೆ. ಆಮೇಲೆ ಬನ್ನಿ."

ಮೆಣಸು ತಿರುಗಲಿಲ್ಲ. ಆಗಲೇ ಮಡಚಿಟ್ಟಿದ್ದ ಭಾವನ ಅಂಗಿಯನ್ನೇ ಎತ್ತಿ, ಕೊಡವಿ, ಮೊದಲಿಂದ ಮಡಚತೊಡಗಿದ.