ಉಸಿರಾಡಿದ ತಪ್ಪಿಗೆ

ಹಾನರ್ ಟ್ರೆಗೆನ್ನಾ ಸಿಟ್ಟು ಬಂದಾಗ ದನಿ ಏರಿಸುತ್ತಿರಲಿಲ್ಲ, ತಗ್ಗಿಸುತ್ತಿದ್ದಳು. ವಿಕ್ಟೋರಿಯಾ ರಾಣಿಯ ಕಾಲದ ಫಾಲ್ಮತ್ ಬಂದರಿನಲ್ಲಿ ಆ ಮೆಲುದನಿ ಕಿವಿಗೆ ಬಿದ್ದರೆ ಗಂಡಸರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಐವತ್ತು ದಾಟಿದ ವಿಧವೆ. ಫೋಟೋ ತೆಗೆಯಲು ಗಾಜಿಗೆ ಬಳಿಯುವ ಬೆಳ್ಳಿದ್ರಾವಣದಿಂದ ಕಪ್ಪಾದ ಬೆರಳುಗಳನ್ನು ಚರ್ಚಿನಲ್ಲಿಯೂ ಕೈಗವಸಿನೊಳಗೆ ಮರೆಸದವಳು.

ಊರಿನ ಸ್ಟುಡಿಯೋಗಳಲ್ಲಿ ಫೋಟೋಕ್ಕೆ ಕೂತ ಹೆಂಗಸರ ತಲೆ ಅಲುಗದಂತೆ ಕುತ್ತಿಗೆಯ ಹಿಂದೆ ಕಬ್ಬಿಣದ ಇಕ್ಕಳ ಬಿಗಿಯುತ್ತಿದ್ದರು. ಹಾನರ್ ಅದನ್ನು ತನ್ನ ಸ್ಟುಡಿಯೋದ ಹೊಸ್ತಿಲು ದಾಟಿಸಲಿಲ್ಲ. ಕ್ಯಾಮೆರಾದ ಮಸೂರ ತಿರುಗಿಸುತ್ತ ತಿರುಗಿಸುತ್ತ, ಮುಖ ಚೆಂದ ಕಂಡಲ್ಲಿಗೆ ಕೈ ನಿಲ್ಲಿಸುವಳು. ರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟತೆ ಆಕೆಗೆ ಬೇಡವಾಗಿತ್ತು. ಆಮೇಲಿನ ನಾಲ್ಕು ನಿಮಿಷ ಎದುರಿನವಳು ಉಸಿರಾಡುತ್ತಿದ್ದಳು, ಆ ಉಸಿರಿನ ಅಲುಗಾಟ ಗಾಜಿನ ಮೇಲಿನ ಚಿತ್ರದಲ್ಲಿ ಮಂಜಾಗಿ ಇಳಿಯುತ್ತಿತ್ತು.

ಒಂದು ವರ್ಷ ಬಟ್ಟೆ ಒಗೆಯುವ ಲವ್‌ಡೇಯ ಚಿತ್ರವನ್ನು ಊರಿನ ಪ್ರದರ್ಶನಕ್ಕೆ ಒಯ್ದಳು; ಲವ್‌ಡೇಯೂ ಜೊತೆಗೆ ಹೋದಳು. ಮರುದಿನ ಅದನ್ನು ನೋಡಲು ಲವ್‌ಡೇಯ ತಾಯಿ ಆರು ಮೈಲಿ ನಡೆದು ಬರುವವಳಿದ್ದಳು.

"ಮಸುಕಾಗಿದೆ ಮೇಡಂ. ಇಕ್ಕಳ ಹಾಕಿದ್ರೆ ಅಲುಗಾಡ್ತಿರಲಿಲ್ಲ," ಎಂದ ಪ್ರದರ್ಶನದ ಕಾರ್ಯದರ್ಶಿ ನ್ಯಾನ್ಸ್. ಅವನದೂ ಒಂದು ಸ್ಟುಡಿಯೋ ಇತ್ತು.

"ಹೆಣಗಳೂ ಅಲುಗಾಡಲ್ಲ, ಮಿಸ್ಟರ್ ನ್ಯಾನ್ಸ್. ನಿಮ್ಮಲ್ಲಿ ಅವುಗಳ ಫೋಟೋನೇ ಚೆನ್ನಾಗಿ ಬರುತ್ತಂತೆ."

ಅವನ ಕಿವಿಗಳು ಕೆಂಪಾದವು. "ಮೆಟ್ಟಿಲ ಕೆಳಗೆ ತೂಗುಹಾಕ್ತೀವಿ. ಕೆಳಗೆ 'ಕೈತಪ್ಪಿದ ಪ್ರಯತ್ನ' ಅಂತ ಚೀಟಿ ಇರುತ್ತೆ. ಬೇಡಾಂದ್ರೆ ತಗೊಂಡು ಹೋಗಿ."

ಹಾನರ್ ಚಿತ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಬಿದ್ದಳು. ಲವ್‌ಡೇ ಹಿಂದೆಯೇ ಓಡಿಬಂದಳು.

"ನನ್ನ ಒಂದು ಮಾತು ಕೇಳಬಾರದಿತ್ತಾ ಅಮ್ಮಾವ್ರೇ?"

"ಆ ಅವಮಾನ ಸಹಿಸ್ಕೋಬೇಕಿತ್ತಾ?"

"ಅವಮಾನ ನಿಮ್ಮದು, ಮುಖ ನಂದು. ನಮ್ಮವ್ವಂಗೆ ಚೀಟಿ ಓದಕ್ಕೆ ಬರಲ್ಲ. ಮುಖ ನೋಡಕ್ಕೆ ಬರುತ್ತೆ."

ಹಾನರ್ ನಡುಬೀದಿಯಲ್ಲಿ ನಿಂತಳು, ಹಿಂದಕ್ಕೆ ತಿರುಗಿದಳು, ಚಿತ್ರವನ್ನು ನ್ಯಾನ್ಸನ ಮೇಜಿನ ಮೇಲೆ ಕುಕ್ಕಿ ಬಂದಳು.

ಮರುದಿನ ಮೆಟ್ಟಿಲ ಕೆಳಗಿನ ಮಬ್ಬಿನಲ್ಲಿ, ಮೀನಿನ ವಾಸನೆಯ ಶಾಲು ಹೊದ್ದ ಲವ್‌ಡೇಯ ಮುದಿ ತಾಯಿ ಬಹಳ ಹೊತ್ತು ನಿಂತು ನೋಡಿದಳು. "ನೀನು ಯಾವಾಗ ಇಷ್ಟು ಬೆಳ್ಳಗಾದ್ಯೇ!" ಎಂದಳು. ಲವ್‌ಡೇ ಬಿದ್ದು ಬಿದ್ದು ನಕ್ಕಳು. ಪಕ್ಕದಲ್ಲಿದ್ದ ಹಾನರ್ ನಗಲಿಲ್ಲ. ಆಕೆಯ ಕಣ್ಣು ಚೀಟಿಯ ಮೇಲಿತ್ತು.

ಇಂಥ ಹೆಂಗಸರ ಸಿಟ್ಟನ್ನು ಲೋಕ ಅಹಂಕಾರವೆಂದು ಕರೆದು ಕೈತೊಳೆದುಕೊಳ್ಳುತ್ತದೆ. ಅಹಂಕಾರ ಇದ್ದದ್ದೂ ನಿಜವೇ. ಆದರೆ ಇನ್ನೊಬ್ಬರಿಗಾಗಿ ಅದನ್ನು ನುಂಗಿಕೊಂಡ ದಿನವೂ ಎದೆಯಲ್ಲಿ ಸಿಟ್ಟು ಕುದಿಯುತ್ತಲೇ ಇರುತ್ತದಲ್ಲ, ಆ ಸಿಟ್ಟಿಗೆ ನ್ಯಾಯವೆಂಬುದಲ್ಲದೆ ಬೇರೆ ಹೆಸರಿಲ್ಲ.